ಎಂಟು ನಂಬರಿನ ತಂತಿ

ಎಂಟು ನಂಬರಿನ ಜಿ.ಐ. ತಂತಿ ನಮ್ಮ ಕಸುಬಿನವರಿಗೆ ಅಡುಗೆಮನೆಯ ಉಪ್ಪಿದ್ದ ಹಾಗೆ. ಬೋರ್‌ವೆಲ್ ಪಂಪಿಗೂ ಅದೇ, ಹಿಟ್ಟಿನ ಗಿರಣಿಗೂ ಅದೇ, ಕಲ್ಯಾಣ ಮಂಟಪದ ಜನರೇಟರಿಗೂ ಅದೇ. ನಾಲ್ಕು ಮಿಲಿಮೀಟರ್ ದಪ್ಪದ, ಸತು ಲೇಪಿಸಿದ ಕಬ್ಬಿಣದ ತಂತಿ ಅದು. ಮಿಷನ್ನಿನ ಮೈಯಿಂದ ಅದನ್ನು ಎಳೆದು ನೆಲದೊಳಗಿನ ಗುಂಡಿಗೆ ಮುಟ್ಟಿಸಿದರೆ ಅರ್ಥಿಂಗ್ ಆಯಿತು ಅಂತ ಲೆಕ್ಕ. ಎಷ್ಟು ದಪ್ಪದ್ದು ಬೇಕು, ಎಷ್ಟು ದೂರಕ್ಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ನನಗೆ ಕೆಲಸ ಕಲಿಸಿದವರು ಅದನ್ನೇ ಹಾಕುತ್ತಿದ್ದರು, ನಾನೂ ಅದನ್ನೇ ಹಾಕುತ್ತಾ ಬಂದೆ. ಹುಣಸೂರಿನ ನನ್ನ ಅಂಗಡಿಯಲ್ಲಿ ಬಲ್ಬು, ಸ್ವಿಚ್ಚು ಖಾಲಿಯಾಗಿರಬಹುದು, ಆ ತಂತಿಯ ಸುರುಳಿ ಮಾತ್ರ ಖಾಲಿಯಾದದ್ದಿಲ್ಲ.

ಸಾಲಿಗ್ರಾಮದ ಹತ್ತಿರದ ರೈಸ್ ಮಿಲ್ಲಿನಲ್ಲಿ ಆಪರೇಟರ್ ಕರೆಂಟು ಹೊಡೆದು ಸತ್ತ ಸುದ್ದಿ ಬಂದದ್ದು ಹೊಸ ಭತ್ತ ಬರುವ ಕಾಲದಲ್ಲಿ. ಆ ಮಿಲ್ಲಿನ ವೈರಿಂಗ್ ನನ್ನದು. ಎರಡು ವರ್ಷದ ಹಿಂದೆ ಯಜಮಾನರು ಹದಿನೈದು ಎಚ್‌ಪಿಯ ಹಳೆಯ ಮಿಷನ್ ತೆಗೆಸಿ, ಅಕ್ಕಿಯ ತೌಡು ತೆಗೆದು ಬಿಳುಪು ಮಾಡುವ ನಲವತ್ತು ಎಚ್‌ಪಿಯ ಪಾಲಿಷರ್ ತಂದಿದ್ದರು. ಅದಕ್ಕೆ ದಪ್ಪ ಕೇಬಲ್ ಎಳೆದವನು ನಾನು. ಎಲ್ಲ ಸರಿಯಿದೆ ಎಂದು ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕಿದವನೂ ನಾನೇ.

ಮಾರನೆಯ ಬೆಳಿಗ್ಗೆ ಹೋದಾಗ ಮಿಲ್ಲಿನಲ್ಲಿ ಸದ್ದೇ ಇರಲಿಲ್ಲ. ಕರೆಂಟಿನ ಸರಬರಾಜು ಕಡಿದಿದ್ದರು, ಪೊಲೀಸರು ಮಹಜರು ಮುಗಿಸಿದ್ದರು, ಶವ ಕೆ.ಆರ್. ನಗರದ ಆಸ್ಪತ್ರೆಯಲ್ಲಿತ್ತು. ಯಜಮಾನರು ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿದ್ದರೂ ಒರೆಸಿಕೊಳ್ಳದೆ ತೂಕದ ಕಟ್ಟೆಯ ಮೇಲೆ ಕೂತಿದ್ದರು. ಒಳ್ಳೆಯ ಮನುಷ್ಯರು. ಆಳುಗಳನ್ನು ಹೋಗೋ ಬಾರೋ ಅನ್ನದವರು. ಆಪರೇಟರ್ ಹನ್ನೆರಡು ವರ್ಷದಿಂದ ಅವರಲ್ಲಿದ್ದ. ಅವನ ಹೆಂಡತಿಯೂ ಅದೇ ಮಿಲ್ಲಿನಲ್ಲಿ ತೌಡು ಗುಡಿಸುವ ಕೆಲಸಕ್ಕಿದ್ದಳು.

ನಡೆದದ್ದನ್ನು ಅವರೇ ಹೇಳಿದರು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪಾಲಿಷರ್ ಓಡುತ್ತಿತ್ತು. ಏನೋ ಸುಟ್ಟ ವಾಸನೆ ಬಂದಿತು. ಆಪರೇಟರ್ ಮಿಷನ್ ನಿಲ್ಲಿಸಲು ಓಡಿದ. ನಿಲ್ಲಿಸುವ ಮುಂಚೆ ಮೇಲಿನ ಅಕ್ಕಿಯ ಬಾಗಿಲು ಮುಚ್ಚುವುದು ಅವನ ಪದ್ಧತಿ. ಇಲ್ಲದಿದ್ದರೆ ಹೊಟ್ಟೆಯೊಳಗೆ ಅಕ್ಕಿ ತುಂಬಿಕೊಂಡು ಮತ್ತೆ ಚಾಲು ಮಾಡುವಾಗ ಮಿಷನ್ ಹಿಡಿದುಕೊಳ್ಳುತ್ತದೆ. ಒಂದು ಕೈಯಲ್ಲಿ ಶೆಡ್ಡಿನ ಕಬ್ಬಿಣದ ಕಂಬ ಹಿಡಿದು, ಇನ್ನೊಂದು ಕೈಯನ್ನು ಬಾಗಿಲಿನ ಹಿಡಿಗೆ ಹಾಕಿದ. ಅಲ್ಲೇ ನಿಂತುಬಿಟ್ಟ. ಯಾರೋ ಓಡಿಹೋಗಿ ಮೇನ್ ಎಳೆಯುವ ಹೊತ್ತಿಗೆ ಮುಗಿದಿತ್ತು.

ನಾನು ಟೂಲ್ ಬ್ಯಾಗು ಬಿಚ್ಚಿದೆ. ಮೊದಲು ಮೋಟಾರಿನ ಟರ್ಮಿನಲ್ ಬಾಕ್ಸು ತೆಗೆದೆ. ಒಳಗೆ ಇಲಿ ಗೂಡು ಮಾಡಿತ್ತು. ಒಂದು ಫೇಸಿನ ತಂತಿಯ ಹೊದಿಕೆಯನ್ನು ಅದು ಕಡಿದಿತ್ತು, ತಾಮ್ರ ಬಾಕ್ಸಿನ ಅಂಚಿಗೆ ತಗುಲಿ ಕಪ್ಪಾಗಿತ್ತು. ರೈಸ್ ಮಿಲ್ಲಿನಲ್ಲಿ ಇಲಿ ಇರುವುದು ಹೊಸದಲ್ಲ. ಹೀಗೆ ಫೇಸು ಮೈಗೆ ಮುಟ್ಟಿದಾಗ ಅರ್ಥ್ ತಂತಿ ಆ ಕರೆಂಟನ್ನು ಹಿಂದಕ್ಕೆ ಒಯ್ಯಬೇಕು, ಭಾರಕ್ಕೆ ಫ್ಯೂಸ್ ಹಾರಬೇಕು, ಮಿಷನ್ ನಿಲ್ಲಬೇಕು. ಅರ್ಥಿಂಗ್ ಇರುವುದೇ ಅದಕ್ಕೆ. ಆದರೆ ಪ್ಯಾನೆಲ್ಲಿನಲ್ಲಿ ಮೂರು ಫ್ಯೂಸುಗಳೂ ಸರಿಯಾಗಿದ್ದವು.

ಹಾಗಾದರೆ ಅರ್ಥ್ ಎಲ್ಲಿ ತಪ್ಪಿತು? ಇಂಥ ಮಿಷನ್ನಿಗೆ ಎರಡು ಕಡೆಯಿಂದ ಬೇರೆ ಬೇರೆ ಅರ್ಥ್ ತಂತಿ ಕೊಡಬೇಕೆಂಬುದು ನಿಯಮ. ನಾನು ಒಂದನ್ನು ಮಿಷನ್ನಿನ ಕಾಲಿಗೂ ಇನ್ನೊಂದನ್ನು ಮೋಟಾರಿನ ಮೈಗೂ ಕೊಟ್ಟಿದ್ದೆ. ಕಾಲಿನ ಬೋಲ್ಟಿಗೆ ಮೀಟರಿನ ಒಂದು ಕಡ್ಡಿ, ಮಿಷನ್ನಿನ ಮೈಗೆ ಇನ್ನೊಂದು ಇಟ್ಟೆ. ಮೀಟರ್ ಕೂಗಲಿಲ್ಲ, ಅಂದರೆ ಎರಡಕ್ಕೂ ಸಂಪರ್ಕವಿಲ್ಲ. ಬೋಲ್ಟು ಬಿಚ್ಚಿದೆ. ತಂತಿಯ ತುದಿಗೆ ಕೂರಿಸಿದ ಲಗ್ಗಿನ ಕೆಳಗೆ ಹಸಿರು ಎನಾಮಲ್ ಬಣ್ಣ, ಕನ್ನಡಿಯ ಹಾಗೆ ನುಣ್ಣಗೆ. ಚಾಕುವಿನಿಂದ ಬಣ್ಣ ಕೆರೆದು ಮತ್ತೆ ಕಡ್ಡಿ ಇಟ್ಟೆ, ಮೀಟರ್ ಕೂಗಿತು.

ಆಯುಧಪೂಜೆಯ ಬಣ್ಣ. ನಮ್ಮ ಕಡೆ ಹಬ್ಬಕ್ಕೆ ಮಿಷನ್ನುಗಳನ್ನು ತೊಳೆದು, ಬಣ್ಣ ಹೊಡೆದು, ಕುಂಬಳಕಾಯಿ ಒಡೆಯದೆ ಯಾವ ಮಿಲ್ಲೂ ಇಲ್ಲ. ಬಣ್ಣ ಹೊಡೆಯುವಾಗ ತಂತಿ ಅಡ್ಡ ಬರುತ್ತದೆಂದು ಬಿಚ್ಚುತ್ತಾರೆ, ಬಣ್ಣ ಒಣಗಿದ ಮೇಲೆ ಅದರ ಮೇಲೆಯೇ ಭದ್ರವಾಗಿ ಬಿಗಿಯುತ್ತಾರೆ. ನೋಡುವುದಕ್ಕೆ ಅಚ್ಚುಕಟ್ಟು, ಕೆಲಸಕ್ಕೆ ಸೊನ್ನೆ. ಬಣ್ಣ ಹೊಡೆದವರು ಯಾರು ಅಂದೆ. ಯಜಮಾನರು ನೆಲ ನೋಡುತ್ತಾ, ಅವನೇ, ಬೇರೆಯವರ ಕೈಗೆ ಬ್ರಷ್ ಕೊಡುತ್ತಿರಲಿಲ್ಲ ಅಂದರು.

ನನಗೆ ಆಗ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಒಬ್ಬ ಮನುಷ್ಯ ಸತ್ತು ಇಪ್ಪತ್ತನಾಲ್ಕು ಗಂಟೆಯಾಗಿರಲಿಲ್ಲ, ಅವನ ತಪ್ಪು ಸಿಕ್ಕಿತೆಂದು ನನ್ನ ಎದೆ ಹಗುರಾಯಿತು.

ಆ ಹಗುರ ಹತ್ತು ನಿಮಿಷ ಉಳಿಯಿತು. ಮೋಟಾರಿಗೆ ಕೊಟ್ಟ ಎರಡನೆಯ ತಂತಿಯ ಬೋಲ್ಟಿಗೆ ಬಣ್ಣ ತಾಕಿರಲಿಲ್ಲ, ಬ್ರಷ್ ಹೋಗದ ಜಾಗ ಅದು. ತಂತಿಯನ್ನು ಹಿಡಿದು ಗೋಡೆಯುದ್ದಕ್ಕೂ ನಡೆದೆ. ಹಳೆಯ ಮಿಷನ್ ಇದ್ದ ಜಾಗದಲ್ಲಿ ಅದು ತುಂಡಾಗಿತ್ತು. ಹೊಸ ಮಿಷನ್ ಇನ್ನೂ ಹಿಂದಕ್ಕೆ ಕೂತದ್ದರಿಂದ, ಹಳೆಯ ತಂತಿಗೆ ಅಲ್ಲಿ ಹೊಸದನ್ನು ಹೊಸೆದು ಉದ್ದ ಮಾಡಿದ್ದೆ. ಕೇಬಲ್ ಬದಲಾಯಿಸಿದವನು ಅರ್ಥ್ ತಂತಿಯನ್ನು ಬದಲಾಯಿಸಿರಲಿಲ್ಲ. ಹೊಸೆದ ಕಡೆ ಎರಡು ತುದಿಗಳೂ ಕರಗಿ ಗುಂಡಾಗಿದ್ದವು. ಅಲ್ಲಿಂದ ಮಿಷನ್ನಿನವರೆಗೂ ಪ್ಯಾನೆಲ್ಲಿನವರೆಗೂ ಸತುವಿನ ಹೊಳಪು ಹೋಗಿ ತಂತಿ ಬೂದಿ ಬಣ್ಣಕ್ಕೆ ತಿರುಗಿತ್ತು. ಸುಣ್ಣದ ಗೋಡೆಯ ಮೇಲೆ ಉದ್ದಕ್ಕೂ ಕಂದು ಗೀರು.

ಯಜಮಾನರು ಹಿಂದೆಯೇ ಬಂದು ನಿಂತಿದ್ದರು. ಇದೇನೆಂದು ಕೇಳಿದರು. ಹಳೆಯ ಜಾಯಿಂಟು, ಸುಟ್ಟಿದೆ ಅಂದೆ. ಅವರು ಮೆಲ್ಲಗೆ ಹೇಳಿದರು:

“ಕಂಟ್ರಾಕ್ಟ್ರೇ, ಬಣ್ಣ ಕಣ್ಣಿಗೆ ಕಾಣ್ತಾ ಐತೆ. ಅಷ್ಟು ಸಾಕು ಬುಡಿ. ಓದೋನು ಓದ. ಇರೋರು ಯಾಕೆ ಸಾಯ್‌ಬೇಕು?”

ನಾನು ಟೂಲ್ ಬ್ಯಾಗು ಕಟ್ಟಿಕೊಂಡು ಹೊರಟುಬಂದೆ.

ಮೂರನೆಯ ದಿನ ವಿದ್ಯುತ್ ಪರಿವೀಕ್ಷಕರು ಬಂದರು. ಹೆಚ್ಚು ಮಾತಿನವರಲ್ಲ. ಬಣ್ಣ ನೋಡಿದರು, ಫೋಟೋ ತೆಗೆದರು. ಸುಟ್ಟ ತಂತಿಯ ಬಳಿ ಬಂದು ಜೇಬಿನಿಂದ ತಂತಿಯ ದಪ್ಪ ಅಳೆಯುವ ಗೇಜ್ ಪ್ಲೇಟ್ ತೆಗೆದು ತಂತಿಯನ್ನು ಅದರ ಸಂದಿಗೆ ತೂರಿಸಿದರು. ಎಂಟು, ಅಂದರು. ಬಣ್ಣದಿಂದ ಒಂದು ತಂತಿ ಕೆಲಸ ಬಿಟ್ಟಿದ್ದಕ್ಕೆ ಪೂರ್ತಿ ಭಾರ ಇನ್ನೊಂದರ ಮೇಲೆ ಬಿದ್ದು ಸುಟ್ಟಿರಬೇಕು ಸಾರ್, ಅಂದೆ. ಸುಳ್ಳಲ್ಲ ಅದು. ಅರ್ಧ ನಿಜದ ರುಚಿಯೇ ಬೇರೆ, ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಅವರು ನನ್ನ ಮುಖವನ್ನೇ ನೋಡಿದರು.

“ಬಣ್ಣ ನಾನು ನೋಡಿದೀನಿ, ಬರ್ಕೊಂಡಿದೀನಿ. ತಂತಿ ಹಾಕಿದೋರು ನೀವು. ಆ ಸೈಜು ಯಾವ ಲೆಕ್ಕದಲ್ಲಿ ಹಾಕಿದ್ರಿ ಅಂತ ನೀವೇ ಬರೆದುಕೊಡಿ.”

ಒಂದು ವಾರ ಗಡುವು ಕೊಟ್ಟು ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವರ ಜೀಪು ಗೇಟು ದಾಟಿದ ಮೇಲೂ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ.

ಅಷ್ಟರಲ್ಲಿ ಆಪರೇಟರನ ಹೆಂಡತಿ ಅವನ ಬಟ್ಟೆ, ಬುತ್ತಿ ಡಬ್ಬಿ ಒಯ್ಯಲು ಅತ್ತೆಯ ಜೊತೆ ಬಂದಳು. ಮೂವತ್ತು ದಾಟಿರದ ಹೆಂಗಸು. ಅತ್ತು ಅತ್ತು ದನಿ ಕಟ್ಟಿತ್ತು. ಬಣ್ಣದ ಮಾತು ಆಗಲೇ ಊರು ತಲುಪಿತ್ತೆಂದು ಅತ್ತೆಯ ಗೊಣಗಾಟದಿಂದ ತಿಳಿಯಿತು: ಮಗ ಶೋಕಿಗೆ ಬಣ್ಣ ಬಳಿದು ತನ್ನ ಜೀವಕ್ಕೆ ತಾನೇ ಎರವಾದ ಅಂತ ಮುದುಕಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಸೊಸೆ ಮಾತ್ರ ನನ್ನ ಹತ್ತಿರ ಬಂದು ಗೋಡೆಯ ಕಂದು ಗೀರಿನ ಕಡೆ ಕೈ ತೋರಿಸಿದಳು.

“ಅಣ್ಣಾ, ಅವರು ಮಿಷಿನ್ ಮುಟ್ಟಕ್ಕೆ ಮುಂಚೇನೆ ಆ ತಂತಿ ಕೆಂಪಗಾಯ್ತು. ಒಲೇಲಿ ಇಟ್ಟಂಗೆ. ಒಗೆ ಬಂತು, ಆಮೇಲೆ ಟಪ್ಪಂತು. ನಾನು ಪೊಲೀಸ್ನೋರ್ಗೂ ಯೋಳ್ದೆ, ಯಾರೂ ಬರ್ಕೊಳ್ನಿಲ್ಲ. ಅದು ಯಾಕಂಗಾಯ್ತು?”

ಅವಳಿಗೆ ಉತ್ತರ ಬೇಕಿತ್ತು. ನನಗೆ ಉತ್ತರ ಗೊತ್ತಿತ್ತು. ಕೆಲಸ ಮಾಡದ ತಂತಿ ಕೆಂಪಗಾಗುವುದಿಲ್ಲ; ಕೆಂಪಗಾಗುವುದು ಹೊರಲಾರದ ಭಾರ ಹೊತ್ತ ತಂತಿ. ನಾನು ನೋಡಬೇಕಮ್ಮ, ಪರೀಕ್ಷೆ ಮಾಡಬೇಕು ಅಂತ ಏನೋ ತೊದಲಿದೆ. ಅವಳು ತಲೆಯಾಡಿಸಿ ಡಬ್ಬಿ ಎತ್ತಿಕೊಂಡು ಹೋದಳು. ಮೂವತ್ತು ವರ್ಷದ ಅನುಭವಸ್ಥನಾದ ನಾನು ಒಬ್ಬ ಹೆಂಗಸಿನ ಒಂದು ಪ್ರಶ್ನೆಗೆ ಬಾಲ ಮುದುರಿಕೊಂಡಿದ್ದೆ.

ಮನೆಗೆ ಬಂದು ಲೆಕ್ಕಕ್ಕೆ ಕೂತೆ. ಇಷ್ಟು ವರ್ಷದಲ್ಲಿ ಅರ್ಥ್ ತಂತಿಗೆಂದು ನಾನು ಲೆಕ್ಕ ಬರೆದದ್ದು ಅದೇ ಮೊದಲು. ಡಿಪ್ಲೊಮಾದಲ್ಲಿ ಪಾಸಾಗಲು ಬರೆದದ್ದನ್ನು ಬಿಟ್ಟರೆ.

ಎಂಟು ನಂಬರಿನ ತಂತಿಯ ಅಡ್ಡಕೊಯ್ತ ಹದಿಮೂರು ಚದರ ಮಿಲಿಮೀಟರ್. ಕಬ್ಬಿಣ ಒಂದು ಸೆಕೆಂಡಿನ ಮಟ್ಟಿಗೆ ಪ್ರತಿ ಚದರ ಮಿಲಿಮೀಟರಿಗೆ ಎಂಬತ್ತು ಆಂಪಿಯರ್ ತಾಳಿಕೊಳ್ಳುತ್ತದೆ. ಅಂದರೆ ಈ ತಂತಿ ಒಂದು ಸೆಕೆಂಡು ಸಾವಿರ ಆಂಪಿಯರ್ ಹೊರುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಕಂಡಿತು. ಆಮೇಲೆ ಉದ್ದ ಸೇರಿಸಿದೆ. ಪ್ಯಾನೆಲ್ಲಿನಿಂದ ಪಾಲಿಷರಿಗೆ ಮೂವತ್ತೈದು ಮೀಟರ್. ಅಷ್ಟು ಉದ್ದದ ಸಣ್ಣ ಕಬ್ಬಿಣದ ತಂತಿ, ಮಧ್ಯದಲ್ಲಿ ಹೊಸೆದ ಜಾಯಿಂಟು, ಎಲ್ಲ ಸೇರಿ ರೆಸಿಸ್ಟೆನ್ಸು ಸುಮಾರು ಅರ್ಧ ಓಮ್. ಆ ಅರ್ಧ ಓಮ್ ಕರೆಂಟನ್ನು ನಾನೂರು ಆಂಪಿಯರಿಗೆ ಕಟ್ಟಿಹಾಕಿತ್ತು. ನಾನೂರಕ್ಕೆ ನೂರು ಆಂಪಿಯರಿನ ಫ್ಯೂಸ್ ಅವಸರ ಮಾಡುವುದಿಲ್ಲ, ಇಪ್ಪತ್ತೈದು ಮೂವತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ತಂತಿಯ ತಾಳ್ಮೆ ಏಳು ಸೆಕೆಂಡು. ಫ್ಯೂಸ್ ಹಾರುವ ಮೊದಲೇ ತಂತಿ ಕರಗಿತು, ದಾರಿ ಕಡಿಯಿತು, ಕರೆಂಟು ನಿಂತಿತು, ಫ್ಯೂಸ್ ಉಳಿಯಿತು. ಮಿಷನ್ನಿನ ಮೈಯಲ್ಲಿ ಮಾತ್ರ ಇನ್ನೂರ ಮೂವತ್ತು ವೋಲ್ಟು ಹಾಗೇ ನಿಂತಿತು.

ಇನ್ನೂ ಕೆಟ್ಟದ್ದೊಂದು ಆ ಲೆಕ್ಕದಲ್ಲೇ ಇತ್ತು. ತಂತಿ ಕರಗದೆ ಇದ್ದಿದ್ದರೂ, ಅಷ್ಟು ಸಣ್ಣ ತಂತಿಯಲ್ಲಿ ವೋಲ್ಟೇಜಿನ ಹೆಚ್ಚು ಪಾಲು ಮೈಯಲ್ಲೇ ಉಳಿಯುತ್ತಿತ್ತು, ಮುಟ್ಟಿದರೆ ಸಾಯುವಷ್ಟು. ಇಪ್ಪತ್ತೈದು ಮಿಲಿ ಅಗಲ, ಮೂರು ಮಿಲಿ ದಪ್ಪದ ಜಿ.ಐ. ಪಟ್ಟಿ ಎಳೆದಿದ್ದರೆ ಕರೆಂಟು ಸಾವಿರ ದಾಟಿ ಫ್ಯೂಸ್ ಅರ್ಧ ಸೆಕೆಂಡಿನೊಳಗೆ ಹಾರುತ್ತಿತ್ತು. ಆತ ಮಿಷನ್ನಿನ ಹತ್ತಿರ ಬರುವ ಮೊದಲೇ ಅದು ನಿಂತಿರುತ್ತಿತ್ತು. ಕರೆಂಟು ಸೋರಿದ ತಕ್ಷಣ ಸರಬರಾಜು ಕಡಿಯುವ ಲೀಕೇಜ್ ರಿಲೇಯನ್ನೂ ನಾನು ಹಾಕಿಸಿರಲಿಲ್ಲ. ಅವನು ಇನ್ನೊಂದು ಕೈಯಲ್ಲಿ ಹಿಡಿದ ಕಂಬಕ್ಕೂ ಮಿಷನ್ನಿಗೂ ನಡುವೆ ಒಂದು ಮೊಳ ಪಟ್ಟಿ ಕಟ್ಟಿ ಬಾಂಡಿಂಗ್ ಮಾಡಿದ್ದರೂ ಸಾಕಿತ್ತು. ಎರಡೂ ಕೈಗಳಲ್ಲಿ ಒಂದೇ ವೋಲ್ಟೇಜ್ ಇದ್ದರೆ ಮೈಯೊಳಗೆ ಕರೆಂಟು ಹರಿಯುವುದಿಲ್ಲ. ಒಂದು ಮೊಳ.

ಬಣ್ಣದ ಲೆಕ್ಕವನ್ನೂ ಮಾಡಿದೆ, ತಪ್ಪಿಸಿಕೊಳ್ಳುವ ಆಸೆ ಇನ್ನೂ ಇತ್ತು. ಬಣ್ಣ ಇಲ್ಲದೆ ಎರಡೂ ತಂತಿ ಕೆಲಸ ಮಾಡಿದ್ದರೆ ಬಹುಶಃ ಫ್ಯೂಸ್ ಮೊದಲು ಹೋಗುತ್ತಿತ್ತು. ಬಹುಶಃ. ಆದರೆ ಎರಡು ತಂತಿ ಯಾಕೆ ಹಾಕುತ್ತೇವೆ? ಒಂದು ಯಾವಾಗಲಾದರೂ ಕೈಕೊಡುತ್ತದೆ ಅಂತಲೇ. ತುಕ್ಕು ಹಿಡಿಯುತ್ತದೆ, ಬೋಲ್ಟು ಸಡಿಲಾಗುತ್ತದೆ, ಹಬ್ಬಕ್ಕೆ ಬಣ್ಣ ಹೊಡೆಯುತ್ತಾರೆ. ಉಳಿದದ್ದು ಒಂದೇ ಪೂರ್ತಿ ಭಾರ ಹೊರಬೇಕು. ಅವನ ತಪ್ಪನ್ನು ಮನ್ನಿಸಬೇಕಾಗಿದ್ದ ತಂತಿ ನನ್ನದಾಗಿತ್ತು.

ಇಷ್ಟು ತಿಳಿದ ಮೇಲೂ ನಾನು ಬರೆಯಲು ಕೂರಲಿಲ್ಲ. ಇದೊಂದು ಕಡೆ ತಪ್ಪಾಗಿರಬಹುದು, ಮನುಷ್ಯ ತಾನೆ ಎಂದು ಮನಸ್ಸು ಸಮಜಾಯಿಷಿ ಕೊಡುತ್ತಿತ್ತು. ಅದನ್ನು ನಂಬುವ ಆಸೆಯಿಂದಲೇ ಹಳೆಯ ರಿಪೋರ್ಟುಗಳ ಕಟ್ಟು ಬಿಚ್ಚಿ, ಪರಿಚಯದವರಿಂದ ಅರ್ಥ್ ದಾರಿಯ ರೆಸಿಸ್ಟೆನ್ಸು ಅಳೆಯುವ ಲೂಪ್ ಟೆಸ್ಟರ್ ತೆಗೆದುಕೊಂಡು ಬೈಕಿನಲ್ಲಿ ಹೊರಟೆ. ಕಂಪಲಾಪುರದ ಹಿಟ್ಟಿನ ಗಿರಣಿಯಲ್ಲಿ ಮೋಟಾರ್ ಸಣ್ಣದು, ದೂರ ಕಡಿಮೆ, ಅಲ್ಲಿ ತಂತಿ ಸಾಕಿತ್ತು. ಸ್ವಲ್ಪ ಧೈರ್ಯ ಬಂತು. ಮಾರನೆಯ ದಿನ ಎಚ್.ಡಿ. ಕೋಟೆ ದಾಟಿ ಅಂತರಸಂತೆಯ ಕಡೆ ಹೋದೆ.

ಅಲ್ಲಿ ಶುಂಠಿ ತೊಳೆಯುವ ಶೆಡ್ಡೊಂದಿದೆ. ಹೊಲದಿಂದ ಬಂದ ಶುಂಠಿಯನ್ನು ಕಬ್ಬಿಣದ ಜಾಲರಿಯ ಮೇಲೆ ಹರವಿ ನೀರಿನ ರಭಸಕ್ಕೆ ಮಣ್ಣು ಬಿಡಿಸುತ್ತಾರೆ. ಇಪ್ಪತ್ತೈದು ಎಚ್‌ಪಿಯ ಪಂಪು, ಪ್ಯಾನೆಲ್ಲಿನಿಂದ ಅರವತ್ತು ಮೀಟರ್ ದೂರ. ಹೆಂಗಸರು ಹತ್ತು ಹನ್ನೆರಡು ಮಂದಿ ಕಣಕಾಲಿನವರೆಗೆ ಕೆಂಪು ನೀರಿನಲ್ಲಿ ನಿಂತು, ಜಾಲರಿ ಹಿಡಿದು ಬಗ್ಗಿದ್ದರು. ಪಂಪಿನ ಮೈಗೆ ನನ್ನ ಕೈಯ ಎರಡು ತಂತಿಗಳು. ಎಂಟು ನಂಬರು. ಬೋಲ್ಟುಗಳ ಮೇಲೆ ಬಣ್ಣ ಇರಲಿಲ್ಲ, ಜಾಯಿಂಟು ಇರಲಿಲ್ಲ, ಅಂಥ ನೆಪ ಯಾವುದೂ ಇರಲಿಲ್ಲ. ಒಂದನ್ನು ಬಿಚ್ಚಿ ಇನ್ನೊಂದರಲ್ಲಿ ಟೆಸ್ಟರ್ ಇಟ್ಟೆ. ಮುಕ್ಕಾಲು ಓಮ್ ದಾಟಿ ತೋರಿಸಿತು.

ನಾನು ಹೋಗಿ ಮೇನ್ ಎಳೆದೆ. ನೀರು ನಿಂತಿತು, ಹೆಂಗಸರು ತಲೆಯೆತ್ತಿದರು. ಶೆಡ್ಡಿನ ಮೇಸ್ತ್ರಿ ಓಡಿಬಂದು ಲೋಡು ಕಾಯುತ್ತಾ ಇದೆ, ಇಷ್ಟು ವರ್ಷ ಚೆನ್ನಾಗಿ ಓಡಿದ್ದು ಇವತ್ತೇನಾಯಿತು ಅಂತ ರೇಗಿದ. ಚೆನ್ನಾಗಿ ಓಡುತ್ತಿರುವಾಗ ಅರ್ಥ್ ತಂತಿಗೆ ಕೆಲಸವೇ ಇರುವುದಿಲ್ಲ, ಅದರ ಯೋಗ್ಯತೆ ಗೊತ್ತಾಗುವುದು ಕೆಟ್ಟ ದಿನ ಮಾತ್ರ ಅಂದೆ. ಅವನಿಗೆ ಅದು ತಲೆಹರಟೆಯಾಗಿ ಕೇಳಿಸಿತು. ಫ್ಯೂಸುಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಅವನು ನನ್ನ ಕತ್ತಿನ ಪಟ್ಟಿ ಹಿಡಿದ. ಹೆಂಗಸರೇ ಬಿಡಿಸಿದರು. ಮಾರನೆಯ ದಿನ ಜಿ.ಐ. ಪಟ್ಟಿ ತಂದು, ಪಂಪು, ಜಾಲರಿ, ಶೆಡ್ಡಿನ ಕಂಬ ಮೂರನ್ನೂ ಸೇರಿಸಿ ಕಟ್ಟಿ, ಮತ್ತೆ ಅಳೆದು ಫ್ಯೂಸ್ ವಾಪಸು ಕೊಟ್ಟೆ.

ಆ ಓಡಾಟದಲ್ಲಿ ನನ್ನ ಕೊನೆಯ ಸಮಜಾಯಿಷಿಯೂ ಹೋಯಿತು. ಅದು ತಪ್ಪಲ್ಲ, ಅಭ್ಯಾಸ. ಸಾಲಿಗ್ರಾಮದಲ್ಲಿ ಕೆಟ್ಟ ದಿನ ಮೊದಲು ಬಂದಿತ್ತು, ಅಷ್ಟೇ.

ಹೇಳಿಕೆಯನ್ನು ಎರಡು ಹಾಳೆಯಲ್ಲಿ ಬರೆದೆ. ಬಣ್ಣದ ಸಂಗತಿಯನ್ನು ಮುಚ್ಚಲಿಲ್ಲ. ಎರಡನೆಯ ತಂತಿಯ ಅಳತೆ, ಉದ್ದ, ಲೆಕ್ಕ ಎಲ್ಲ ಬರೆದು, ಈ ಸೈಜನ್ನು ಯಾವ ಲೆಕ್ಕವನ್ನೂ ಮಾಡದೆ ರೂಢಿಯಂತೆ ಹಾಕಿದ್ದೇನೆ, ಸರಿಯಾದ ಅಳತೆಯದಾಗಿದ್ದರೆ ಈ ಸಾವು ಆಗುತ್ತಿರಲಿಲ್ಲ ಎಂದು ಮುಗಿಸಿದೆ. ಮೃತನ ಹೆಂಡತಿ ತಂತಿ ಕೆಂಪಾದದ್ದನ್ನು ಕಂಡಿದ್ದಾಳೆ, ಆಕೆಯ ಮಾತು ಲೆಕ್ಕಕ್ಕೆ ಹೊಂದುತ್ತದೆ ಎಂದೂ ಸೇರಿಸಿದೆ. ಪರಿವೀಕ್ಷಕರು ನಿಂತೇ ಓದಿದರು. ಇದರ ಪರಿಣಾಮ ಗೊತ್ತಲ್ವಾ ಎಂದು ಕೇಳಿದರು. ಗೊತ್ತು ಅಂದೆ. ಲೈಸೆನ್ಸ್ ಅಮಾನತಾಯಿತು, ಕೇಸು ಇನ್ನೂ ನಡೆಯುತ್ತಿದೆ. ಮಿಲ್ಲಿನ ಯಜಮಾನರು ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಕಸುಬಿನವರು ಹರಿಶ್ಚಂದ್ರ ಬಂದ ಅಂತ ಹಿಂದಿನಿಂದ ನಗುತ್ತಾರೆ. ನಗಲಿ. ಅವರ ಅಂಗಡಿಯಲ್ಲೂ ಅದೇ ಸುರುಳಿ ಇದೆ.

ಆಪರೇಟರನ ಊರು ಮಿಲ್ಲಿನಿಂದ ಮೂರು ಮೈಲಿ. ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ ಹೋದೆ. ಜಗಲಿಯ ಮೇಲೆ ಅತ್ತೆ ಕೂತಿದ್ದಳು, ಸೊಸೆ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ನಿಂತಳು. ಕೂರಿ ಅನ್ನಲಿಲ್ಲ, ನಾನೂ ಕೂರಲಿಲ್ಲ.

“ಆವತ್ತು ನೀವು ಕೇಳಿದ್ರಲ್ಲಮ್ಮ, ತಂತಿ ಯಾಕೆ ಕೆಂಪಗಾಯ್ತು ಅಂತ. ಅದು ಸಣ್ಣದಾಯ್ತು. ಬಣ್ಣದಿಂದ ಒಂದು ತಂತಿ ಕೆಟ್ಟಿತ್ತು, ನಿಜ. ಹಂಗೆ ಆಗತ್ತೆ ಅಂತಲೇ ಎರಡು ಹಾಕೋದು. ಎರಡನೇದು ಅವರನ್ನ ಉಳಿಸಬೇಕಿತ್ತು. ಅದನ್ನ ಸಣ್ಣದು ಹಾಕಿದೋನು ನಾನು.”

ಬೈಯಬಹುದು, ಮೊರದಿಂದ ಹೊಡೆಯಬಹುದು ಎಂದುಕೊಂಡೆ. ಎರಡಕ್ಕೂ ಸಿದ್ಧನಾಗಿ ಬಂದಿದ್ದೆ.

“ನಮ್ಮತ್ತೆಗೆ ಕಿವಿ ಮಂದ,” ಅಂದಳು. “ಜೋರಾಗಿ ಯೋಳಿ.”

ಜೋರಾಗಿ ಹೇಳಿದೆ. ಮುದುಕಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಸೊಸೆ ಸೆರಗು ಸರಿಮಾಡಿಕೊಂಡು ಅಂಗಳಕ್ಕಿಳಿದಳು.

“ಬನ್ನಿ. ಅವರೇ ಬಣ್ಣ ಬಳ್ಕೊಂಡು ಸತ್ರು ಅಂತ ಈ ಬೀದೀಲಿ ಆಡ್ದೆ ಇರೋ ಬಾಯಿಲ್ಲ. ಅವರ್ಗೂ ಯೋಳಿ.”

ಅವಳು ಮುಂದೆ, ನಾನು ಹಿಂದೆ. ಮೊದಲ ಮನೆಯಲ್ಲಿ ಮುದುಕನೊಬ್ಬ ಹಲ್ಲುಜ್ಜುತ್ತಿದ್ದ, ಎರಡನೆಯ ಮನೆಯಲ್ಲಿ ಹೆಂಗಸು ದನಕ್ಕೆ ಹುಲ್ಲು ಹಾಕುತ್ತಿದ್ದಳು. ಸೊಸೆ ಬಾಗಿಲಲ್ಲಿ ನಿಂತು ಮನೆಯವರನ್ನು ಕರೆಯುತ್ತಿದ್ದಳು, ಆಮೇಲೆ ನನ್ನ ಕಡೆ ತಿರುಗುತ್ತಿದ್ದಳು. ಮೊದಲೆರಡು ಮನೆಗಳಲ್ಲಿ ನನ್ನ ನಾಲಿಗೆ ತಡವರಿಸಿತು. ಯಾರೂ ಬೈಯಲಿಲ್ಲ, ಕೇಳಿಸಿಕೊಂಡು ಅವಳ ಮುಖ ನೋಡುತ್ತಿದ್ದರು. ಅವಳು ಅಳುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ನಾನು ಮುಗಿಸುವವರೆಗೂ ನನ್ನ ಬಾಯನ್ನೇ ನೋಡುತ್ತಿದ್ದಳು, ಒಂದು ಪದವನ್ನೂ ಬಿಡದ ಹಾಗೆ. ಒಂದು ಕಡೆ ತಂತಿ ಸಣ್ಣದಾಯಿತು ಎಂದಷ್ಟೇ ಹೇಳಿ ನಿಲ್ಲಿಸಿದ್ದಕ್ಕೆ, ಯಾರು ಹಾಕಿದ್ದು ಅಂತಾನೂ ಯೋಳಿ ಅಂದಳು.

ಏಳನೆಯ ಮನೆಯ ಹೊತ್ತಿಗೆ ಮಾತು ಸಲೀಸಾಗಿ ಬರತೊಡಗಿತ್ತು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನನಗೇ ತಿಳಿಯದೆ ಅಭ್ಯಾಸವಾಗಿಬಿಟ್ಟಿತ್ತು. ನನಗಿಂತ ಮೊದಲು ಅದು ಅವಳಿಗೆ ಗೊತ್ತಾಯಿತು. ಎಂಟನೆಯ ಮನೆಯ ಅಂಗಳದಲ್ಲಿ ನಿಂತು ತಿರುಗಿದಳು.

“ಸಾಕು,” ಅಂದಳು. “ಉಳಿದೋರ್ಗೆ ನಾನೇ ಯೋಳ್ತೀನಿ. ನೀವು ಓಗಿ.”